ಸ್ಟೇರಿಂಗ್ ಮೂರು ಬೆರಳು ಲೂಸ್

ತಾತಾ,

ನಾನು ಆಗ್ಲೇ ಹೇಳಿದ್ದೆ, ತಪ್ಪು ನಿಮ್ಮ ಕೈಯದ್ದಲ್ಲ ಅಂತ. ಎದುರಿಗೆ ಹೇಳಿದ್ರೆ ಪೇಪರ್ ಅಡ್ಡ ಹಿಡೀತೀರ, ಅದಕ್ಕೆ ಬರೆದು ಪೇಪರ್ ಒಳಗೇ ಇಟ್ಟಿದೀನಿ.

ಲಕ್ಷ್ಮೀಪುರಂ ತಿರುವಲ್ಲಿ ಕಾರು ಕಾಂಪೌಂಡಿಗೆ ತಗುಲಿದಾಗಿಂದ ನಿಮ್ದು ಒಂದೇ ಮಾತು, "ವಯಸ್ಸಾಯ್ತು ಕಣಮ್ಮ, ಕೈ ನಿಲ್ತಿಲ್ಲ, ಮಾರ್ಬುಡೋಣ." ಅದೇ ಕೈಯಲ್ಲಿ ತುಂಬಿದ ಕಾಫಿ ಲೋಟ ಒಂದು ಹನೀನೂ ಚೆಲ್ಲದೆ ಮಹಡಿಗೆ ತರ್ತೀರಲ್ಲ!

ನಿನ್ನೆ ಇಂಜಿನ್ ಆಫ್ ಮಾಡಿ ಸ್ಟೇರಿಂಗ್ ಅಲ್ಲಾಡಿಸಿ ನೋಡ್ದೆ. ಮೂರು ಬೆರಳಷ್ಟು ತಿರುಗಿದ್ರೂ ಮುಂದಿನ ಚಕ್ರ ಕದಲ್ಲಿಲ್ಲ. ಹಳೇ ಕಾರು ಇಟ್ಕೊಂಡಿರೋರ ವಾಟ್ಸಾಪ್ ಗ್ರೂಪಲ್ಲಿ ವಿಡಿಯೋ ಹಾಕಿದ್ರೆ ಎಲ್ರೂ "ಸ್ಟೇರಿಂಗ್ ಬಾಕ್ಸೇ ಹೋಗಿದೆ, ಗುಜರಿಗೆ ಹಾಕು" ಅಂದ್ರು. ನಾನು ಒಪ್ಪಲಿಲ್ಲ. ಮೆಲ್ಲಗೆ ಅಶೋಕಪುರಂ ಗ್ಯಾರೇಜಿಗೆ ಓಡಿಸ್ಕೊಂಡು ಹೋದೆ. ದಾರಿಯಲ್ಲಿ ನನ್ ಕೈಲೂ ಕಾರು ಅತ್ತಿತ್ತ ಅಲೆದಾಡ್ತು. ನನಗಿನ್ನೂ ಇಪ್ಪತ್ತೊಂದು ತಾತ!

ಮೆಕ್ಯಾನಿಕ್ ಪ್ರಸಾದಣ್ಣ ಸ್ಟೇರಿಂಗ್ ಆಡಿಸ್ತಿದ್ರು, ನಾನು ಕೆಳಗೆ ಮಲಗಿ ನೋಡ್ದೆ. ಸ್ಟೇರಿಂಗ್ ತಿರುವನ್ನ ಎಡಗಡೆ ಚಕ್ರಕ್ಕೆ ಮುಟ್ಟಿಸೋ ಟೈ ರಾಡಿನ ತುದಿ ಸವೆದು ಕಟಕಟ ಅಂತಿತ್ತು. ಎರಡೂ ಕಡೆ ಹೊಸದು ಹಾಕ್ಸಿ, ಅಲೈನ್‌ಮೆಂಟೂ ಮಾಡ್ಸಿದೀನಿ. ಈಗ ಒಂದು ಬೆರಳಷ್ಟೂ ಲೂಸ್ ಇಲ್ಲ.

ಸೋಮವಾರ ಕಾರು ಕೊಳ್ಳೋಕೆ ಬರೋರಿಗೆ ಸದ್ಯಕ್ಕೆ ಬರಬೇಡಿ ಅಂದ್ಬುಡಿ. ಮೊದಲು ನೀವು ಒಂದು ರೌಂಡ್ ಓಡಿಸಿ. ಆಮೇಲೂ ಮಾರ್ಬೇಕು ಅನ್ನಿಸಿದ್ರೆ ಮಾರಿ, ನಾನು ತುಟಿ ಬಿಚ್ಚಲ್ಲ.

ಗ್ರೀಸ್ ಕೈಯಲ್ಲೇ ಬರೆದಿರೋ ನಿಮ್ಮ ಮೊಮ್ಮಗಳು,
ಬಿಂದುಶ್ರೀ

ಆಮೇಲೆ, ಕಾರಿನ ಕೀ ಇದರ ಜೊತೆಗೇ ಇದೆ. ಭಾನುವಾರ ಬೆಳಗ್ಗೆ ಅದೇ ಲಕ್ಷ್ಮೀಪುರಂ ತಿರುವಲ್ಲಿ ನೀವೇ ತಿರುಗಿಸಿ ತೋರಿಸ್ತೀರಾ, ಇಲ್ಲ ಈಗ್ಲೂ ವಯಸ್ಸಾಯ್ತು ಅಂತೀರಾ?