ಸೀಟಿಗೋಸ್ಕರ ಗಂಡನ್ನ ಬಿಟ್ಟೋಳು

ಭಾನುವಾರ, ಮಧ್ಯಾಹ್ನ

ರೀ,

ಕಾಗದದ ಮೇಲೆ ನಿಮ್ಮನ್ನು ಹೇಗೆ ಕರೆಯಬೇಕೆಂದು ಬಹಳ ಹೊತ್ತು ಯೋಚಿಸಿದೆ. ‘ಪ್ರಿಯ’ ಎಂದು ಬರೆದರೆ ಸುಳ್ಳಾಗುತ್ತದೆ, ‘ಮಾನ್ಯರೇ’ ಎಂದರೆ ರಜೆ ಅರ್ಜಿಯ ಹಾಗೆ ಕಾಣುತ್ತದೆ. ಕೊನೆಗೆ ಅಡುಗೆಮನೆಯಿಂದ ಕೂಗುತ್ತಿದ್ದ ಹಾಗೇ ಕೂಗಿದ್ದೇನೆ. ನಾನು ಚೆನ್ನಾಗಿದ್ದೇನೆ. ನೀವೂ ಚೆನ್ನಾಗಿದ್ದೀರೆಂದು ನಿಮ್ಮ ಅಕ್ಷರ ನೋಡಿದರೇ ಗೊತ್ತಾಗುತ್ತದೆ. ದುಂಡಗೆ, ಸಾಲು ತಪ್ಪದೆ, ಒಂದು ಪದವನ್ನೂ ಹೊಡೆದುಹಾಕದೆ ಬರೆದಿದ್ದೀರಿ.

ಕಳೆದ ವಾರ ಅಣ್ಣನ ಮನೆಗೆ ಹೋಗಿದ್ದಾಗ ನಿಮ್ಮ ಪತ್ರವನ್ನು ಅವನು ನನ್ನ ಕೈಗೆ ಕೊಟ್ಟ. ನನ್ನನ್ನು ಹುಡುಕದ ಜಾಗವಿಲ್ಲ ಎಂದಿದ್ದೀರಿ. ಆದದ್ದನ್ನೆಲ್ಲ ಕ್ಷಮಿಸಿದ್ದೇನೆ, ಬಾ ಎಂದಿದ್ದೀರಿ. ಕ್ಷಮಿಸುತ್ತಿರುವವರು ನೀವು ಎಂದು ಅರ್ಥವಾಗಲು ನನಗೆ ಎರಡು ಸಲ ಓದಬೇಕಾಯಿತು. ಉತ್ತರ ಬರೆಯುವ ಮನಸ್ಸೂ ಇರಲಿಲ್ಲ. ಆದರೆ ಅವತ್ತೇ ಸಂಜೆ ನಿಮ್ಮ ತಂಗಿ ಅಲ್ಲಿಗೆ ಬಂದಳು. ಕಾಫಿ ಕುಡಿದು ಲೋಟ ತೊಳೆದಿಟ್ಟು, ಹೋಗುವ ಹೊತ್ತಿಗೆ ಬಾಗಿಲಲ್ಲಿ ನಿಂತು, “ಅತ್ತಿಗೆ, ಬೇಜಾರು ಮಾಡ್ಕೋಬೇಡಿ, ನಮ್ಮ ಕಡೆ ನಿಮಗೊಂದು ಹೆಸರು ಬಿದ್ದುಬಿಟ್ಟಿದೆ,” ಎಂದಳು. ಸೀಟಿಗೋಸ್ಕರ ಗಂಡನ್ನ ಬಿಟ್ಟೋಳು. ನೆಂಟರು ಊಟಕ್ಕೆ ಕೂತಲ್ಲಿ ಈ ಕಥೆಯನ್ನು ನೀವೇ ಹೇಳಿ ಎಲ್ಲರನ್ನೂ ನಗಿಸುತ್ತೀರಂತೆ. ನೀವು ಕಥೆ ಹೇಳಿದರೆ ಚೆನ್ನಾಗಿಯೇ ಹೇಳುತ್ತೀರಿ, ನನಗೆ ಗೊತ್ತಿಲ್ಲವೇ. ಅದಕ್ಕೇ ಆ ದಿನ ನಡೆದದ್ದನ್ನು ನಡೆದ ಹಾಗೇ ಒಂದು ಸಲ ಬರೆದುಬಿಡುತ್ತೇನೆ. ಇದನ್ನು ಅವರಿಗೆ ಓದಿ ಹೇಳಿ ಎಂದು ಕೇಳುವುದಿಲ್ಲ.

ಸೀಟು ಹಿಡಿಯುವುದರಲ್ಲಿ ನಿಮ್ಮನ್ನು ಮೀರಿಸಿದವರನ್ನು ನಾನು ಕಂಡಿಲ್ಲ. ಆಫೀಸಿನಲ್ಲಿ ಊರವರ ಸೈಟುಗಳನ್ನು ಅಳೆದು ಗಡಿಕಲ್ಲು ನೆಡಿಸುವ ಸರ್ವೇಯರು ನೀವು. ರೈಲು ಹತ್ತಿದರೆ ಮಾತ್ರ ನಿಮ್ಮ ಗಡಿಗೆ ಕಲ್ಲೇ ಇರುತ್ತಿರಲಿಲ್ಲ. ಬೋಗಿ ನಿಲ್ಲುವ ಮೊದಲೇ ಕಿಟಕಿಯಿಂದ ಟವೆಲ್ ಒಳಗೆ ಬಿದ್ದಿರುತ್ತಿತ್ತು. ಅದರ ಪಕ್ಕಕ್ಕೆ ನೀರಿನ ಬಾಟಲಿ, ಅದರಾಚೆ ಪೇಪರಿನ ಒಂದು ಹಾಳೆ, ಮೂಲೆಗೆ ಎಡಗಾಲಿನ ಚಪ್ಪಲಿ. ಯಾರಾದರೂ ಕೇಳಿದರೆ, “ಇದಾರೆ, ನಮ್ಮ ಭಾವ, ಟೀ ಕುಡಿಯೋಕೆ ಇಳಿದಿದಾರೆ.” ಆ ಭಾವನಿಗೆ ಸಕ್ಕರೆ ಕಾಯಿಲೆ ಇತ್ತು, ಒಂದು ಮಂಡಿ ನೋವೂ ಇತ್ತು. ಮದುವೆಯಾದ ಹೊಸತರಲ್ಲಿ ನಾನು ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದೆ. ಇಳಿಯುವ ಸ್ಟೇಷನ್ ಬಂದರೂ ಟೀ ಮುಗಿಸದ ಆ ಇಲ್ಲದ ಭಾವನ ಆರೋಗ್ಯವನ್ನು ಮನೆಗೆ ಬಂದ ಮೇಲೂ ವಿಚಾರಿಸುತ್ತಿದ್ದೆ. ನೀವೂ ನಗುತ್ತಿದ್ದಿರಿ. ನಮ್ಮಿಬ್ಬರಲ್ಲಿ ನಗು ಇತ್ತು ಎಂಬುದನ್ನು ನಾನು ಅಲ್ಲಗಳೆಯುವುದಿಲ್ಲ.

ಆ ನಗು ನಿಂತದ್ದು ಯಾವಾಗ ಎಂಬುದು ನಿಮಗೂ ಗೊತ್ತು, ನನಗೂ ಗೊತ್ತು. ಮೂರು ತಿಂಗಳು ತುಂಬಿ ಹೊಟ್ಟೆಯಲ್ಲಿದ್ದದ್ದು ಹೋಯಿತು. ಆಸ್ಪತ್ರೆಯಿಂದ ಕರೆದುಕೊಂಡು ಬಂದ ದಿನ ನೀವು ಔಷಧಿ ಚೀಟಿಯನ್ನು ಟಿವಿ ಮೇಲಿಟ್ಟು ಆಫೀಸಿಗೆ ಹೋದಿರಿ. ಸಂಜೆ ಬಂದು ಊಟ ಮಾಡಿದಿರಿ. ಮರುದಿನವೂ ಹಾಗೇ. ಬೈಯಲಿಲ್ಲ, ಅಳಲಿಲ್ಲ, ಒಂದು ಮಾತೂ ಆಡಲಿಲ್ಲ. ನಾನೇ ಒಮ್ಮೆ ಎತ್ತಿದಾಗ, “ಆಗಿದ್ದು ಆಗೋಯ್ತು, ಅದನ್ನೇ ಎಷ್ಟು ಸಲ ಹಿಡಕೊಂಡು ಕೂತ್ಕೋತೀಯಾ,” ಎಂದಿರಿ. ನನಗೆ ಅದು ಮೊದಲನೆಯ ಸಲವಾಗಿತ್ತು.

ಅದಾಗಿ ಎರಡು ತಿಂಗಳಿಗೆ ನಿಮ್ಮ ಚಿಕ್ಕಪ್ಪನ ಮಗಳ ಮದುವೆ ಬಂತು. ಟಿಕೆಟ್ ಮೊದಲೇ ಮಾಡಿಸಿರಲಿಲ್ಲ, ಜನರಲ್ ಬೋಗಿಯೇ ಗತಿ. ನೀವು ಎಂದಿನಂತೆ ಓಡಿ ಹತ್ತಿ ಒಂದು ಇಡೀ ಬೆಂಚು ಹಿಡಿದಿದ್ದಿರಿ. ನಾನು ಬಂದು ಕೂತ ತಕ್ಷಣ ನೀವು ಹೇಳಿದ್ದು, “ಮಲ್ಕೋ.” ನಿದ್ದೆ ಬರುತ್ತಿಲ್ಲ ಎಂದೆ. “ನಿದ್ದೆ ಮಾಡು ಅಂತ ಯಾರಂದ್ರು? ಮಲ್ಕೋ ಅಷ್ಟೆ. ಮಲಗಿರೋರನ್ನ ಯಾರೂ ಎಬ್ಬಿಸಲ್ಲ.” ಮೈಯಲ್ಲಿ ಇನ್ನೂ ತ್ರಾಣವಿರಲಿಲ್ಲ, ವಾದ ಬೇಡವೆಂದು ಮಲಗಿದೆ. ನನ್ನ ಕಾಲ ಬಳಿ ನೀವು ಚಕ್ಕಳಮಕ್ಕಳ ಹಾಕಿ ಆರಾಮವಾಗಿ ಕೂತಿರಿ.

ಮುಂದಿನ ದೊಡ್ಡ ಸ್ಟೇಷನ್ನಿನಲ್ಲಿ ಜನ ನುಗ್ಗಿದರು. ಕಾಲಿಡಲು ಜಾಗವಿಲ್ಲ. ಹಸುಗೂಸನ್ನು ಹೆಗಲಿಗೆ ಹಾಕಿಕೊಂಡ ಒಬ್ಬ ಹುಡುಗಿ, ಊರುಗೋಲಿನ ಒಬ್ಬ ಮುದುಕಿ, ಕೆಲಸ ಮುಗಿಸಿ ಹೊರಟ ಒಬ್ಬ ನರ್ಸಮ್ಮ, ಗಾರೆ ಕೆಲಸದ ನಾಲ್ಕಾರು ಗಂಡಸರು. ಅವರಲ್ಲೊಬ್ಬ ಬಗ್ಗಿ, “ಸ್ವಾಮಿ, ಆಯಮ್ಮನ್ನ ಎಬ್ಬಿಸಿ. ನಾಲ್ಕು ಜನ ಕೂರೋ ಜಾಗ ಇದು,” ಎಂದ. ಭಾವ ಟೀಗೆ ಹೋಗಿದಾರೆ ಎಂದು ಹೇಳುತ್ತೀರೇನೋ ಅಂದುಕೊಂಡೆ. ಮಲಗಿದ್ದಲ್ಲೇ ನನಗೆ ನಗು ಬರುವ ಹಾಗೂ ಆಗಿತ್ತು. ನೀವು ಧ್ವನಿ ತಗ್ಗಿಸಿ ಹೇಳಿದಿರಿ: “ಬಸುರಿ ಕಣಪ್ಪ. ಐದು ತಿಂಗಳು. ಕೂರಲೇಬಾರದು ಅಂದಿದಾರೆ ಡಾಕ್ಟರು.”

ನಿಮ್ಮ ಲೆಕ್ಕ ತಪ್ಪಿರಲಿಲ್ಲ. ಉಳಿದಿದ್ದರೆ ಆ ದಿನಕ್ಕೆ ಐದೇ ತಿಂಗಳು. ಮನೆಯಲ್ಲಿ ಬಾಯೇ ಬಿಡದ ನೀವು ಒಳಗೊಳಗೇ ತಿಂಗಳು ಎಣಿಸುತ್ತಿದ್ದಿರಿ ಎಂಬುದು ನನಗೆ ತಿಳಿದದ್ದು ಹೀಗೆ, ಅಷ್ಟು ಜನರ ಮುಂದೆ, ಕಾಲು ಮಡಚಿ ಕೂರಲು ಒಂದು ಹಲಗೆ ಗಿಟ್ಟಿಸಿಕೊಳ್ಳುವ ಹೊತ್ತಿನಲ್ಲಿ. ಆ ಎಣಿಕೆಯನ್ನು ನನ್ನ ಪಕ್ಕ ಕೂತು ಒಂದು ಸಲ ಹೇಳಿದ್ದರೆ ನಾನು ನಿಮ್ಮ ಹೆಗಲಿಗೆ ತಲೆಯಿಟ್ಟು ಅತ್ತುಬಿಡುತ್ತಿದ್ದೆ. ಇವತ್ತಿಗೂ ನನಗೆ ಅರ್ಥವಾಗದೆ ಉಳಿದಿರುವುದು ಅದೊಂದೇ: ನಿಮಗೆ ನೋವಿರಲಿಲ್ಲವೋ, ಅಥವಾ ಇದ್ದ ನೋವನ್ನೂ ಟವೆಲಿನ ಹಾಗೆ ಬೆಂಚಿನ ಮೇಲೆ ಹಾಸಿಬಿಟ್ಟಿರೋ.

ಆಮೇಲಿನದು ಇನ್ನೂ ಕಷ್ಟ. ಜನ ಕೆಟ್ಟವರಾಗಿದ್ದರೆ ತಡೆದುಕೊಳ್ಳಬಹುದಿತ್ತು. ಅವರೆಲ್ಲ ಒಳ್ಳೆಯವರಾಗಿಬಿಟ್ಟರು. ಜಗಳಕ್ಕೆ ಬಂದವನೇ “ತಪ್ಪಾಯ್ತಮ್ಮ” ಎಂದು ಬಿಗಿದಿದ್ದ ಕಿಟಕಿಯನ್ನು ಎತ್ತಿಕೊಟ್ಟ. ಮುದುಕಿ ನೆಲದ ಮೇಲೆ ಕುಕ್ಕರಿಸಿ, ತಾನು ಹೊದ್ದಿದ್ದ ಶಾಲನ್ನು ಮಡಿಸಿ ನನ್ನ ತಲೆಯಡಿ ತೂರಿಸಿತು. ಕೂಸಿನ ತಾಯಿ ಬಾಗಿಲ ಕಂಬಕ್ಕೆ ಒರಗಿ, “ಅಕ್ಕ ಮಲಗಲಿ ಬಿಡಿ, ನಂದೇನು, ನಿಂತು ಅಭ್ಯಾಸ,” ಎಂದಳು. ನರ್ಸಮ್ಮ ನನ್ನ ಕೈ ಹಿಡಿದು ಒಂದೊಂದೇ ಕೇಳಿದರು. ಕೇಳಿದ್ದು ನನ್ನನ್ನು, ಉತ್ತರ ಕೊಟ್ಟದ್ದು ನೀವು. ಮೊದಲನೇದಾ? ಹೌದು. ಕಾಲು ಊದುತ್ತಾ? ಸಾಯಂಕಾಲದ ಹೊತ್ತು ಸ್ವಲ್ಪ. ಊಟ ಸೇರುತ್ತಾ? ಹುಳಿ ಇದ್ರೆ ಸೇರುತ್ತೆ. ಕಡಲೆಕಾಯಿ ಬಿಡಿಸಿ ಬಾಯಿಗೆ ಹಾಕಿಕೊಳ್ಳುತ್ತಾ ಹೇಳುತ್ತಿದ್ದಿರಿ. ಮುದುಕಿ ಗಂಡು ಬೇಕೋ ಹೆಣ್ಣು ಬೇಕೋ ಎಂದು ಕೇಳಿದಾಗ, “ನಮಗೆ ಎರಡೂ ಒಂದೇ ಅಜ್ಜಿ,” ಎಂದಿರಿ. ಆಗ ನಿಮ್ಮ ಮುಖದಲ್ಲಿ ಒಂದು ಸಂತೋಷವೂ ಇತ್ತು. ನಾನು ನೋಡಿದೆ.

ಆ ಶಾಲಿನ ಮೇಲೆ ತಲೆಯಿಟ್ಟು ಮಲಗಿರಲು ನನ್ನಿಂದ ಆಗಲಿಲ್ಲ. ಎದ್ದು ಕೂತೆ. “ನಾನು ಬಸುರಿಯಲ್ಲ. ಅದು ಹೋಗಿ ಎರಡು ತಿಂಗಳಾಯ್ತು. ಕೂತ್ಕೊಳ್ಳಿ ಎಲ್ಲಾರೂ,” ಎಂದೆ. ಆಗಲಾದರೂ ನೀವು ತಲೆ ತಗ್ಗಿಸಬಹುದಿತ್ತು. ಸುಮ್ಮನಿದ್ದಿದ್ದರೂ ಸಾಕಿತ್ತು. ನೀವು ಹಣೆಯ ಪಕ್ಕ ಬೆರಳು ತಿರುಗಿಸಿ ಅವರಿಗೆ ಹೇಳಿದಿರಿ, “ತಲೆ ಸ್ವಲ್ಪ ಸರಿಯಿಲ್ಲ. ಹೀಗೇ ಏನೇನೋ ಮಾತಾಡ್ತಾಳೆ. ನೀವು ಮನಸ್ಸಿಗೆ ಹಚ್ಕೋಬೇಡಿ.”

ಅವರು ನಂಬಿದರು. ನಂಬದೆ ಏನು ಮಾಡುತ್ತಾರೆ, ನಿಮ್ಮ ಮಾತಿಗೆ ಅಷ್ಟು ನಯವಿದೆ. ಬೆಂಚಿನ ತುದಿಗೆ ಜರುಗಿ ಕೂಸಿನ ತಾಯಿಯನ್ನು ಬಾ ಎಂದು ಕರೆದೆ. ಅವಳು ಮಗುವನ್ನು ಈ ಹೆಗಲಿನಿಂದ ಆ ಹೆಗಲಿಗೆ ಬದಲಾಯಿಸಿಕೊಂಡಳು. ನನ್ನ ಕೈಗೆ ಎಟುಕದ ಹೆಗಲಿಗೆ. ಅವಳ ತಪ್ಪಿಲ್ಲ. ತಲೆ ಸರಿಯಿಲ್ಲದವಳ ಹತ್ತಿರ ನಾನಾದರೂ ಕೂಸು ತರುತ್ತಿರಲಿಲ್ಲ.

ಸ್ವಲ್ಪ ಹೊತ್ತಿಗೆ ರೈಲು ಒಂದು ಸಣ್ಣ ಸ್ಟೇಷನ್ನಿನಲ್ಲಿ ನಿಂತಿತು. ಜನರನ್ನು ಸರಿಸಿಕೊಂಡು ಇಳಿದೆ. ಬಿಟ್ಟುಹೋಗುತ್ತೇನೆ ಎಂದುಕೊಂಡು ಇಳಿದವಳಲ್ಲ. ಗಾಳಿ ಬೇಕಿತ್ತು, ಅಷ್ಟೆ. ನನ್ನ ಹಿಂದೆಯೇ ನೀವೂ ಇಳಿಯುತ್ತೀರೆಂದು ತಿಳಿದಿದ್ದೆ. ನೀವು ಕಿಟಕಿಯಿಂದ ಮುಖ ಹಾಕಿ, “ಹುಚ್ಚಾಟ ಬೇಡ, ಹತ್ತು. ನಾನಿಳಿದ್ರೆ ಸೀಟು ಹೋಗುತ್ತೆ,” ಎಂದಿರಿ. ನಾನು ಕಾಲು ಎತ್ತಲಿಲ್ಲ. ಶಿಳ್ಳೆ ಹಾಕಿತು. ರೈಲು ಮೆಲ್ಲಗೇ ಹೊರಟಿತು, ಯಾರು ಬೇಕಾದರೂ ಇಳಿಯಬಹುದಾಗಿದ್ದಷ್ಟು ಮೆಲ್ಲಗೆ. ಮುಂದಿನ ಗಾಡಿಗೆ ಬಾ ಎಂದು ಕೈಸನ್ನೆ ಮಾಡಿದಿರಿ. ಆ ಕಿಟಕಿ ದಾಟುವಾಗ ನಿಮ್ಮ ಪಕ್ಕದ ನನ್ನ ಜಾಗದಲ್ಲಿ ನಮ್ಮ ಬ್ಯಾಗು ಕೂತಿತ್ತು.

ಇಷ್ಟೇ ನಡೆದದ್ದು. ಸೀಟಿಗೋಸ್ಕರ ಯಾರು ಯಾರನ್ನು ಬಿಟ್ಟರು ಎಂಬುದನ್ನು ನೀವೇ ಕೂತು ಅಳೆದು ನೋಡಿ.

ಅದೇ ಸ್ಟೇಷನ್ನಿನಲ್ಲಿ ಇಳಿದ ನರ್ಸಮ್ಮ ನನ್ನನ್ನು ಕಂಡು ತಿರುಗಿ ಬಂದರು. “ನೀನು ಹೇಳಿದ್ದೇ ನಿಜ ಅಂತ ನಂಗೊತ್ತಮ್ಮ, ಕೈ ಹಿಡಿದಾಗ್ಲೇ ಗೊತ್ತಾಯ್ತು. ಅಲ್ಲಿ ಬಾಯಿ ಬಿಡಲಿಲ್ಲ ನೋಡು, ನನ್ನ ಬಾಯಿಗಷ್ಟು ಮಣ್ಣು ಹಾಕ,” ಎಂದರು. ಆ ಮಾತು ಬೋಗಿಯೊಳಗೆ ಬಂದಿದ್ದರೆ ಎಷ್ಟೋ ಚೆನ್ನಾಗಿತ್ತು. ಆದರೂ ಮನೆಗೆ ಕರೆದುಕೊಂಡು ಹೋಗಿ ಅನ್ನ ಹಾಕಿದರು. ಅವರೇ ಹೇಳಿ ಹೆರಿಗೆ ಆಸ್ಪತ್ರೆಯ ಬಟ್ಟೆ ಕೋಣೆಯಲ್ಲಿ ಕೆಲಸ ಕೊಡಿಸಿದರು. ಹರಿದ ಹೊದಿಕೆಗಳಿಗೆ ತೇಪೆ ಹಾಕುತ್ತೇನೆ, ಕೂಸುಗಳನ್ನು ಸುತ್ತುವ ಬಟ್ಟೆಯ ಅಂಚು ಹೊಲಿಯುತ್ತೇನೆ. ಅಲ್ಲಿ ಹೇಗನಿಸುತ್ತದೆ ಎಂದು ಬರೆಯಲು ಕೂತರೆ ಈ ಪತ್ರ ಮುಗಿಯುವುದಿಲ್ಲ, ಅದು ನಿಮಗೆ ಬರೆಯಬೇಕಾದದ್ದೂ ಅಲ್ಲ. ಒಂಟಿ ಕೋಣೆ, ಒಂದು ಸ್ಟೌವು, ಹಿತ್ತಲಿನ ಕಡೆ ಒಂದು ಬಾಗಿಲು. ಕಾಲು ಚಾಚಿದರೆ ಗೋಡೆ ಸಿಗುತ್ತದೆ. ನನಗೆ ಅಷ್ಟು ಸಾಕು.

ನೀವು ಬರುತ್ತೀರೇನೋ ಎಂದು ನಾನು ಒಂದು ದಿನವೂ ಕಾಯಲಿಲ್ಲ. ಅದನ್ನೂ ತಿಳಿದಿರಿ. ನಾನು ಬರುವುದಿಲ್ಲ. ನಿಮಗೆ ಬೇಕಾದ ಕಾಗದಕ್ಕೆ ವಕೀಲರ ಮೂಲಕ ಸಹಿ ಕೇಳಿ, ಹಾಕಿಕೊಡುತ್ತೇನೆ. ನೆಂಟರಿಗೆ ಕಥೆ ಹೇಳುವುದನ್ನು ನಿಲ್ಲಿಸಿ ಎಂದು ಬೇಡುವುದಿಲ್ಲ, ನೀವು ನಿಲ್ಲಿಸುವವರಲ್ಲ. ಇನ್ನು ಮೇಲೆ ಹೇಳುವಾಗ ಆ ಐದು ತಿಂಗಳನ್ನೂ ಸೇರಿಸಿ ಹೇಳಿ. ಆಮೇಲೂ ಅವರು ನಕ್ಕರೆ ನಗಲಿ.

ಇಂತಿ,
ದಾಖಲೆಗಳಲ್ಲಿ ಇನ್ನೂ ನಿಮ್ಮ ಹೆಂಡತಿಯಾಗಿರುವವಳು

ಮತ್ತೆ ಬರೆದದ್ದು: ಮೇಲೆ ಒಂದು ಸುಳ್ಳು ಬರೆದಿದ್ದೇನೆ. ಹೊಡೆದುಹಾಕಿದರೆ ಗಲೀಜಾಗುತ್ತದೆಂದು ಹಾಗೇ ಬಿಟ್ಟೆ. ನಾನು ಕಾದೆ. ಆ ವರ್ಷವೆಲ್ಲ ಭಾನುವಾರ ಬಂದರೆ ಒಗೆದ ಸೀರೆ ಉಟ್ಟು, ಅದೇ ಗಾಡಿ ಬರುವ ಹೊತ್ತಿಗೆ ಪ್ಲಾಟ್‌ಫಾರಂಗೆ ಹೋಗಿ ಕೂರುತ್ತಿದ್ದೆ. ನಾನು ಅವತ್ತು ಇಳಿದ ಊರಿನಲ್ಲೇ ಇವತ್ತಿಗೂ ಇದ್ದೇನೆ, ಸ್ಟೇಷನ್ನಿಗೆ ಒಂದು ರಸ್ತೆ ಆಚೆ. ಅಣ್ಣನನ್ನು ಕೇಳಿದ್ದರೂ ಹೇಳುತ್ತಿದ್ದ. ನೀವು ಅವನನ್ನು ಯಾವಾಗ ಬರ್ತಾಳೆ ಎಂದು ಕೇಳಿದಿರಂತೆ. ಎಲ್ಲಿದಾಳೆ ಎಂದು ಒಂದು ಸಲವೂ ಕೇಳಲಿಲ್ಲವಂತೆ.