ಊಟದ ಮೇಜಿನ ಗಂಡ ಹೆಂಡತಿ

ಮಾರ್ಚ್ ೯, ಸೋಮವಾರ

ನನ್ನ ಹೆಂಡತಿಯ ಕೈಗೆ ಅದು ಸಿಕ್ಕಿಬಿಟ್ಟಿದೆ. ಹಲ್ಲಿನ ಡಾಕ್ಟರ ಬಳಿ ಕಾಯುತ್ತ ಕೂತಾಗ ಆ ಸಣ್ಣ ವಾರಪತ್ರಿಕೆಯನ್ನು ತಿರುವಿಹಾಕಿದಳಂತೆ.

ನನ್ನ ತುಂಟ ಮಕ್ಕಳ ಕಾಮಿಕ್ಸ್ ಎಲ್ಲರಿಗೂ ಗೊತ್ತು. ಆ ಮಕ್ಕಳ ಮುಖ ಟಿಫಿನ್ ಡಬ್ಬಿಗಳ ಮೇಲೂ ಇದೆ. ಆದರೆ ಈ ವಾರಪತ್ರಿಕೆಗೆ ನಾನು ದೊಡ್ಡವರ ಕಾಮಿಕ್ಸ್ ಬರೆಯುತ್ತೇನೆಂದು ಬಲ್ಲವರು ಕಡಿಮೆ; ಅವಳಿಗೂ ಹೇಳಿರಲಿಲ್ಲ. ಅದರಲ್ಲಿ ಇರುವವರು ಇಬ್ಬರೇ, ಊಟದ ಮೇಜಿನ ಎದುರುಬದುರು ಕೂತ ನಡುವಯಸ್ಸಿನ ಗಂಡ ಹೆಂಡತಿ. ಅವಳು ಏನೋ ಹೇಳಲು ಬಾಯಿ ತೆರೆದಾಗಲೆಲ್ಲ ಅವನು ತಮಾಷೆ ಮಾಡಿ ಜಾರಿಕೊಳ್ಳುತ್ತಾನೆ. ಓದುಗರು ಬಿದ್ದು ಬಿದ್ದು ನಗುತ್ತಾರೆಂದು ಸಂಪಾದಕರು ಹೇಳುತ್ತಾರೆ.

ಅವಳು ನಗಲಿಲ್ಲ. ಸಂಜೆ ಪತ್ರಿಕೆಯನ್ನು ನನ್ನ ಮುಂದಿಟ್ಟು, "ಇವಳು ನಾನೇ ಅಲ್ವಾ?" ಅಂದಳು.

"ಸುಮ್ನೆ ಕಲ್ಪನೆ ಕಣೇ," ಅಂದೆ.

"ಕನ್ನಡಕ ತಲೆ ಮೇಲಿಟ್ಕೊಂಡು ಮನೆಯೆಲ್ಲ ಹುಡುಕೋದು ನಾನೇ ತಾನೆ. ಇರ್ಲಿ ಬಿಡಿ. ಕೊನೇ ಚಿತ್ರದಲ್ಲಿ ಬಾಗಿಲ ಹತ್ರ ನಿಂತಿದಾಳಲ್ಲ, ಮುಂದಿನ ವಾರ ಮನೆ ಬಿಟ್ಟು ಹೋಗ್ತಾಳಾ?"

"ಇನ್ನೂ ಬರೆದಿಲ್ಲ."

"ನಾನೂ ಇನ್ನೂ ತೀರ್ಮಾನ ಮಾಡಿಲ್ಲ," ಅಂದಳು.

ದನಿಯಲ್ಲಿ ಸಿಟ್ಟಿರಲಿಲ್ಲ. ಅದಕ್ಕೇ ಹೆದರಿಕೆಯಾಯಿತು. ಸಿಟ್ಟಾಗಿದ್ದರೆ ರಮಿಸಬಹುದಿತ್ತು.

ಈಗ ಮಲಗುವ ಕೋಣೆಯಲ್ಲಿ ಇನ್ನೂ ದೀಪ ಉರಿಯುತ್ತಿದೆ. ಬೆಳಿಗ್ಗೆ ಚಿತ್ರ ಕಳುಹಿಸಬೇಕು. ಇಷ್ಟು ವರ್ಷ ಮಕ್ಕಳ ಬಾಯಿಗೆ ಸಲೀಸಾಗಿ ಮಾತು ಕೊಟ್ಟವನಿಗೆ, ಹೆಂಡತಿಯನ್ನು ತಡೆಯುವ ಒಂದು ಮಾತೂ ಹೊಳೆಯುತ್ತಿಲ್ಲ. ಚಿತ್ರದ ಗಂಡನನ್ನು ಕುರ್ಚಿಯಿಂದ ಎಬ್ಬಿಸಿ ನಿಲ್ಲಿಸಿದ್ದೇನೆ. ಅವನ ಬಾಯಿಯನ್ನು ಬರೆದು ಬರೆದು ಅಳಿಸುತ್ತಿದ್ದೇನೆ. ಒಳಗೆ ಬೀರು ತೆರೆದ ಸದ್ದಾಯಿತು. ಈ ಹೊತ್ತಿನಲ್ಲಿ ಬೀರು ಯಾಕೆ? ಪೆನ್ಸಿಲ್ ಕೆಳಗಿಡುತ್ತೇನೆ, ನಾನೇ ಹೋಗಿ, ತಮಾಷೆ ಮಾಡದೆ, ಅವಳ ಮಾತು ಕೇಳುತ್ತೇನೆ.