ಯಾರು ಗತಿ?

ಶಿವಾಜಿನಗರ, ಪುಣೆ
೧೦ ಜುಲೈ ೨೦೨೫

ಬಾರಾಮತಿಯಲ್ಲಿರುವ ನಮ್ಮ ಮನೆಯವರಿಗೆ, ಮನೆಯಲ್ಲೇ ಇರುವ ಶಿವಕಾಂತಾಳ ನಮಸ್ಕಾರ.

ಫೋನಿನಲ್ಲಾದರೆ ಎರಡನೆಯ ಮಾತಿಗೇ ಜಗಳ ಶುರುವಾಗುತ್ತದೆ. ಕಾಗದದಲ್ಲಿ ನಡುವೆ ಬಾಯಿ ಹಾಕಲು ನಿಮಗೆ ಆಗುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಕೂತು ಓದಿ.

ನಿಮ್ಮ ತಂಗಿ ಇಂದೂ ಮೊನ್ನೆ ಬಂದಿದ್ದಳು. ಚಹಾ ಕುಡಿಯುವ ಮೊದಲೇ ನಿಮ್ಮ ಮಾತು ಒಪ್ಪಿಸಿದಳು: “ಶಾಲಿ ಬಿಟ್ಟು ಬರ್ತಿದ್ರ ಈ ತಿಂಗಳಾಗ ಬಾ, ಇಲ್ಲಂದ್ರ ಅಲ್ಲೇ ಇರು ಅಂತ ಹೇಳ್ಯಾನ್ರಿ ವೈನಿ, ಅಣ್ಣ.” ಪಾಪ, ಅವಳ ಮುಖ ಸಣ್ಣದಾಗಿತ್ತು. ಉತ್ತರವನ್ನೂ ಅವಳ ತಲೆಗೇ ಕಟ್ಟುವುದು ಬೇಡವೆನಿಸಿತು. ಮೊದಲೇ ಹೇಳಿಬಿಡುತ್ತೇನೆ: ಶಾಲೆ ಬಿಡುವುದಿಲ್ಲ. ಹಾಗೆಂದು ನಿಮ್ಮನ್ನು ಬಿಡುವ ಮನಸ್ಸೂ ನನಗಿಲ್ಲ.

ಡೇರಿಯ ಕೆಲಸ ಸಿಕ್ಕು ನೀವು ಬಾರಾಮತಿಗೆ ಹೊರಟಾಗ, ಪಾಠ ಹೇಳುವುದನ್ನು ಬಿಟ್ಟು ನಾನು ಬರುವುದಿಲ್ಲ ಅಂದೆ. ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತ ನೀವು ಕೇಳಿದಿರಿ: “ನನ್ನ ಬಿಟ್ಟರ ನಿನಗ ಯಾರು ಗತಿ?” ಆ ಮಾತು ಅಂದಿನಿಂದ ಕಿವಿಯಲ್ಲಿ ಕೂತಿದೆ. ಬಹಳ ಸಿಟ್ಟು ಬಂದಿತ್ತು, ಉತ್ತರ ಮಾತ್ರ ಹೊಳೆದಿರಲಿಲ್ಲ. ಅದು ಹೊಳೆದದ್ದು ಈ ಸೋಮವಾರ, ಒಂಬತ್ತನೆಯ ವರ್ಗದಲ್ಲಿ.

ಅವತ್ತು ನನ್ನ ಪಾಠ ನೋಡಲು ಮುಖ್ಯಾಧ್ಯಾಪಿಕೆ ನೀರಜಾ ಮೇಡಮ್ ಹಿಂದಿನ ಬೆಂಚಿನಲ್ಲಿ ಕೂತಿದ್ದರು. ಅವರು ಒಪ್ಪಿದರೆ ಕೆಲಸ ಕಾಯಂ, ಇಲ್ಲದಿದ್ದರೆ ಮನೆಯ ದಾರಿ. ಪಾಠ, ವಸ್ತುಗಳ ಚಲನೆ. ಮರಾಠಿಯಲ್ಲಿ ಚಲನೆಗೆ ‘ಗತಿ’ ಎನ್ನುತ್ತಾರೆ, ನಿಮಗೆ ಗೊತ್ತಲ್ಲ. ಶೀರ್ಷಿಕೆ ಬರೆದು ತಿರುಗಿದೆ, ವರ್ಗವೆಲ್ಲ ಕಿಸಕ್ಕೆಂದಿತು. ನೋಡಿದರೆ, ಮರಾಠಿ ಶಾಲೆಯ ಹಲಗೆಯ ಮೇಲೆ ದಪ್ಪ ಕನ್ನಡ ಅಕ್ಷರಗಳಲ್ಲಿ ‘ಗತಿ’ ಎಂದು ಬರೆದುಬಿಟ್ಟಿದ್ದೆ. ನಿಮ್ಮ ಮಾತು ಕಿವಿಯಿಂದ ಇಳಿದು ಕೈಗೆ ಬಂದಿತ್ತು.

ಅದನ್ನು ಓದಬಲ್ಲವಳು ಒಬ್ಬಳೇ, ಯಾದಗಿರಿ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರ ಮಗಳು ರೇಣು. ಎದ್ದು ನಿಂತು ಕನ್ನಡದಲ್ಲೇ ಹೇಳಿದಳು: “ನಮ್ಮವ್ವ ದಿನಾ ಇದನ್ನ ಕೇಳ್ತಾಳ್ರಿ ಟೀಚರ್, ನಮ್ಮ ಗತಿ ಏನು ಅಂತ.”

ಒರೆಸಿಬಿಡಬಹುದಿತ್ತು. ಒರೆಸಲಿಲ್ಲ. ನಮ್ಮ ಭಾಷೆಯಲ್ಲಿ ಈ ಪದಕ್ಕೆ ಪಾಡು, ದಿಕ್ಕು ಎಂಬ ಅರ್ಥವಿದೆ ಎಂದು ಮಕ್ಕಳಿಗೆ ಮರಾಠಿಯಲ್ಲಿ ತಿಳಿಸಿ, ರೇಣುವನ್ನು ಕಿಟಕಿಯಿಂದ ಬಾಗಿಲವರೆಗೆ ನಡೆಸಿದೆ. ಅವಳು ಚಲಿಸುತ್ತಿದ್ದಾಳೆಯೇ ಎಂದರೆ ಎಲ್ಲರೂ ಹೌದು ಅಂದರು. ಆಮೇಲೆ ಶರ್ವರಿ ಎಂಬ ಹುಡುಗಿಯನ್ನು ಅವಳ ಜೊತೆ ಹೆಜ್ಜೆಗೆ ಹೆಜ್ಜೆ ಹಾಕಿಸಿ, ರೇಣು ಚಲಿಸಿದಳೇ ಎಂದು ಶರ್ವರಿಯನ್ನು ಮಾತ್ರ ಕೇಳಿದೆ. ಎಲ್ಲಿ ಚಲಿಸಿದಳು, ನನ್ನ ಪಕ್ಕದಲ್ಲೇ ಇದ್ದಾಳಲ್ಲ ಅಂದಳು ಶರ್ವರಿ. ಪಾಠ ಇಷ್ಟೇ. ಎಲ್ಲಿಂದ ನೋಡುತ್ತಿದ್ದೀರಿ ಎಂದು ಹೇಳದೆ, ಯಾರು ಚಲಿಸಿದರು, ಯಾರು ನಿಂತರು ಎಂದು ಹೇಳಲು ಬರುವುದಿಲ್ಲ. ಮೊದಲು ಒಂದು ಚುಕ್ಕೆ ಇಟ್ಟುಕೊಂಡು ಅಲ್ಲಿಂದ ಅಳೆಯಬೇಕು.

ಹೆಂಡತಿ ದೂರವಾದಳು ಎಂದು ನೀವು ಡೇರಿಯಲ್ಲೆಲ್ಲ ಹೇಳಿಕೊಂಡು ತಿರುಗುತ್ತೀರಂತೆ. ಬಾರಾಮತಿಯಿಂದ ನೋಡಿದರೆ ದೂರವಾದವಳು ನಾನು, ಇಲ್ಲಿಂದ ನೋಡಿದರೆ ನೀವು. ಭೌತಶಾಸ್ತ್ರ ಇಬ್ಬರದೂ ಸರಿ ಅನ್ನುತ್ತದೆ. ಆದರೆ ಟ್ರಂಕು ಹೊತ್ತು ಬಸ್ಸು ಹತ್ತಿದವರು ಯಾರು ಎಂಬುದು ಓಣಿಗೆಲ್ಲ ಗೊತ್ತಿದೆ ನೋಡಿ.

ಕೆಲಸ ಕಾಯಂ ಆಯಿತು. ನೀರಜಾ ಮೇಡಮ್ ಕೈಕುಲುಕಿದಾಗ ಮೊದಲು ನಿಮಗೆ ಹೇಳಬೇಕೆನಿಸಿ ಫೋನು ತೆಗೆದೆ, ಮತ್ತೆ ಚೀಲದಲ್ಲಿಟ್ಟೆ. ಹೇಳಿಕೊಳ್ಳಲು ನೀವು ಇಲ್ಲದ್ದಕ್ಕೆ ಅವತ್ತು ನೋವಾಯಿತು. ಆದರೂ ನಿಮ್ಮ ಪ್ರಶ್ನೆಗೆ ಉತ್ತರ ಸಿಕ್ಕಿದೆ: ನನಗೆ ನಾನೇ ಗತಿ, ಕನ್ನಡದಲ್ಲೂ ಮರಾಠಿಯಲ್ಲೂ.

ಇನ್ನೊಂದು ಪಾಠವೂ ಇದೆ. ಒಬ್ಬರು ನಿಂತಲ್ಲೇ ನಿಂತು ಇನ್ನೊಬ್ಬರೇ ಬರಬೇಕೆಂದರೆ ಹೊತ್ತು ಹಿಡಿಯುತ್ತದೆ. ಇಬ್ಬರೂ ಎದುರುಬದುರಾಗಿ ಹೊರಟರೆ ನಡುವಿನ ದೂರ ಬೇಗ ಕರಗುತ್ತದೆ. ನಮ್ಮಿಬ್ಬರಿಗೂ ಹೆಚ್ಚುಕಡಿಮೆ ನಡುವೆ ಜೇಜುರಿ ಇದೆ. ಮದುವೆಯಾದ ಹೊಸತರಲ್ಲಿ, ಅಲ್ಲಿಯ ಪದ್ಧತಿಯಂತೆ, ನೀವು ನನ್ನನ್ನು ಎತ್ತಿಕೊಂಡು ಗುಡಿಯ ಮೆಟ್ಟಿಲು ಹತ್ತಿದಿರಿ. ನಾಲ್ಕು ಮೆಟ್ಟಿಲಿಗೇ ಏದುಸಿರು ಬಿಟ್ಟು, “ಭಾಳ ವಜ್ಜ ಅದಿ” ಅಂತ ಇಳಿಸಿಬಿಟ್ಟಿರಿ. ಈ ಇಪ್ಪತ್ತನೆಯ ತಾರೀಖು, ಭಾನುವಾರ, ಬೆಳಗಿನ ಬಸ್ಸಿಗೆ ನಾನು ಅಲ್ಲಿಗೆ ಬರುತ್ತೇನೆ. ಈ ಸಲ ಎತ್ತಿಕೊಳ್ಳಬೇಡಿ. ಜೊತೆಯಲ್ಲಿ ಹೆಜ್ಜೆಗೆ ಹೆಜ್ಜೆ ಹಾಕಿ ಹತ್ತೋಣ. ಯಾರು ಎಲ್ಲಿರಬೇಕು ಎಂಬುದನ್ನು ಮೇಲೆ ಕೂತು ಮಾತಾಡೋಣ.

ಅರ್ಧ ದಾರಿ ಬರುವ,
ನಿಮ್ಮ ಶಿವಕಾಂತಾ

ತಾ.ಕ.: ಅಳೆಯಲು ಇಟ್ಟುಕೊಳ್ಳುವ ಚುಕ್ಕೆಗೆ ಪುಸ್ತಕದಲ್ಲಿ ‘ಅ’ ಎಂದಿದೆ. ಅವತ್ತು ಹಲಗೆಯ ಮೇಲೆ ನನ್ನ ಕೈ ‘ಮ’ ಎಂದು ಬರೆದಿತ್ತು. ಮಕ್ಕಳು ಯಾಕೆಂದು ಕೇಳಿದರು, ಯಾವ ಅಕ್ಷರವಾದರೇನು ಎಂದು ಜಾರಿಕೊಂಡೆ. ಮದುವೆಯಲ್ಲಿ ಎಲ್ಲರೆದುರು ಒಡಪಿನ ಪದ್ಯದಲ್ಲಿ ಸೇರಿಸಿ ಹೇಳಿದ್ದು ಬಿಟ್ಟರೆ ನಿಮ್ಮ ಹೆಸರನ್ನು ನಾನು ಎಂದೂ ಹೇಳಿದವಳಲ್ಲ. ಈಗ ಬರೆಯುತ್ತಿದ್ದೇನೆ: ಆ ಚುಕ್ಕೆ ನೀವು, ಮನೋಹರ.